ಚೆಂಡು ನೋಡದ ಆರ್ವಲ್

ವಿಲೋ ಬೆಂಡಿನ ಜನ ಊರಿಗೆ ಬಂದ ನೆಂಟರಿಗೆ ಮೊದಲು ತೋರಿಸುವುದು ಜೋಳ ತುಂಬುವ ಗೋಪುರವನ್ನಲ್ಲ, ಕಾಲೇಜಿನ ಗಡಿಯಾರವನ್ನೂ ಅಲ್ಲ, ಆರ್ವಲ್ ಕುಡ್ಲಾಚೆಕ್‌ನನ್ನು. ಮದುವೆಗೂ ಮುಂಚಿನಿಂದ ಒಂದು ಶನಿವಾರವೂ ತಪ್ಪಿಸದೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಹೋಗಿ, ಒಂದೇ ಒಂದು ಸಲವೂ ಚೆಂಡನ್ನು ನೋಡದೆ ಮನೆಗೆ ಬಂದ ಮಹಾಪುರುಷ ಅವನು. ಮೈದಾನದಲ್ಲಿ ಎಂಬತ್ತು ಗಜದ ಓಟ ನಡೆಯಲಿ, ಬ್ಯಾಂಡಿನವರು ಡೋಲು ಬಿಸಾಡಿ ಕುಣಿಯಲಿ, ಅವನ ಕಣ್ಣು ಮಾತ್ರ ಮುಂದಿನ ಸಾಲಿನಲ್ಲಿ ಬಗ್ಗಿ ನಿಂತ ಐದು ದಪ್ಪ ಹುಡುಗರ ಕಾಲಿನಿಂದ ಕದಲುತ್ತಿರಲಿಲ್ಲ. ಚೆಂಡು ಹಿಡಿದು ಓಡುವವನಿಗೆ ಎದುರಾಳಿಗಳನ್ನು ಗುದ್ದಿ ದಾರಿ ಬಿಡಿಸಿಕೊಡುವವರು ಆ ಐವರು. ಪ್ರಶಸ್ತಿ ಗೆದ್ದ ವರ್ಷ ಕೊನೆಯ ಓಟಕ್ಕೆ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು, ಟೋಪಿಗಳು ಹಾರಿದವು, ವಿಧವೆಯೊಬ್ಬಳು ಶೆರಿಫನನ್ನು ತಬ್ಬಿಕೊಂಡಳು. ಆರ್ವಲ್ ಹುಲ್ಲಿನ ಮೇಲೆ ಬೋರಲು ಬಿದ್ದಿದ್ದ ಒಬ್ಬ ಹುಡುಗನನ್ನು ನೋಡುತ್ತಾ, "ಎಡಗಾಲು ಚೆನ್ನಾಗಿ ಊರಿದ," ಎಂದನಂತೆ. ಅವನ ದೃಷ್ಟಿ ಬಿದ್ದರೆ ಚೆಂಡು ಒಡೆದುಹೋಗುತ್ತದೆ ಎಂದು ಪ್ರಾಥಮಿಕ ಶಾಲೆಯ ಮಕ್ಕಳು ನಂಬಿದ್ದರು. ಯಾರು ಗೆದ್ದರು ಎನ್ನುವುದನ್ನು ವಾಪಸು ಬರುವಾಗ ಹೆಂಡತಿ ಆರ್ಲಿಸ್ ಕಾರಿನಲ್ಲಿ ಹೇಳುತ್ತಿದ್ದಳು.

ಇದಕ್ಕೆ ಕಾರಣ ದೊಡ್ಡದೇನಲ್ಲ. ಓದುವಾಗ ಅವನೂ ಅದೇ ಸಾಲಿನಲ್ಲಿ, ದಾರಿ ಬಿಡಿಸುವ ಗಾರ್ಡ್ ಆಗಿ ಆಡಿದ್ದ. ನಾಲ್ಕು ವರ್ಷ ಗುದ್ದಿದ, ಗುದ್ದಿಸಿಕೊಂಡ. ಅವನ ಸ್ವಂತ ತಾಯಿಯೂ ಓಡುವವನನ್ನೇ ನೋಡುತ್ತಿದ್ದಳು. ಆಮೇಲೆ ಹುಲ್ಲು ಕಟ್ಟುವ ಯಂತ್ರಗಳ ರಿಪೇರಿಗೆ ಕೂತ. ಮಾತು ಕಡಿಮೆ, ಕೈ ತುಂಬಾ ಗ್ರೀಸು.

ಆದರೆ ಊರು ಈ ಚಟವನ್ನು ಒಂದು ಸಂಸ್ಥೆಯನ್ನಾಗಿ ಮಾಡಿಬಿಟ್ಟಿತ್ತು. ಸೋಮವಾರ ಮಧ್ಯಾಹ್ನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಅಭಿಮಾನಿಗಳ ಊಟ. ಗೆದ್ದ ವಾರ ಮುಖ್ಯ ಕೋಚ್ ಖುದ್ದಾಗಿ ಬಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದ. ಸೋತ ವಾರ ಅವನಿಗೆ ತಪ್ಪದೆ ಬೇರೆ ಕೆಲಸ ಬರುತ್ತಿತ್ತು. ಯಾವ ವಿಭಾಗ ಕೆಟ್ಟಿತೋ ಆ ವಿಭಾಗದ ಸಹಾಯಕ ಕೋಚನ್ನು ಕಳಿಸುತ್ತಿದ್ದ. ಬಂದವನು ಎಲ್ಲರ ಜೊತೆ ಉಣ್ಣಬೇಕು, ಎಲ್ಲರ ತೀರ್ಪನ್ನೂ ಕೇಳಬೇಕು. ಮಾತು ಉದ್ದವಾದರೆ ಅಧ್ಯಕ್ಷ ಗೇಲಾರ್ಡ್ ಸ್ಟೆನ್ಸ್ರೂಡ್ ಹಸುವಿನ ಗಂಟೆ ಬಾರಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಅವನೇ ಎದ್ದು, "ಆರ್ವಲ್, ನೀನೇನು ನೋಡಿದೆ?" ಎಂದು ಕೇಳುವುದು ಪದ್ಧತಿ. ಆರ್ವಲ್ ಹೇಳಿದ್ದೇ ಕೊನೆಯ ಮಾತು. ಹಿಂದೊಮ್ಮೆ, "ಹುಡುಗರಿಗೆ ಬಗ್ಗೋದೇ ಹೇಳಿಕೊಟ್ಟಿಲ್ಲ," ಎಂದು ಒಂದೇ ವಾಕ್ಯ ಹೇಳಿದ್ದ. ಗೇಲಾರ್ಡ್ ಟ್ರ್ಯಾಕ್ಟರ್ ಮಾರುವವನು, ಮೈದಾನದ ದೀಪಗಳನ್ನೆಲ್ಲ ಕೊಡಿಸಿದವನು. ಊಟದ ಮೇಜಿನಿಂದಲೇ ಕಾಲೇಜಿಗೆ ಫೋನು ಮಾಡಿದ್ದ. ಕ್ರಿಸ್‌ಮಸ್ ಹೊತ್ತಿಗೆ ಮುಂದಿನ ಸಾಲಿಗೆ ಕಲಿಸುತ್ತಿದ್ದ ಕೋಚಿನ ಮನೆ ಮುಂದೆ ಸಾಮಾನಿನ ಲಾರಿ ನಿಂತಿತ್ತು.

ಆ ಖಾಲಿ ಜಾಗಕ್ಕೆ ಕೊನೆಗೆ ಬಂದವನು ಡ್ಯಾರಿನ್, ಆರ್ವಲ್‌ನ ಅಳಿಯ.

ಮಗಳು ಲೆನೋರ್ ಮದುವೆಯಾದಂದಿನಿಂದ ಕೋಚ್ ಗಂಡನ ಹಿಂದೆ ಊರಿಂದೂರಿಗೆ ಅಲೆದವಳು. ಅವಳ ಅಡುಗೆಮನೆಯ ಡಬ್ಬಗಳ ಮೇಲೆ ಇನ್ನೂ ಹಳೆಯ ಊರುಗಳ ಚೀಟಿಗಳಿದ್ದವು. ಹುಟ್ಟಿದೂರಿಗೆ ಮರಳಿದ ಮೇಲೆ ಮೊದಲ ಸಲ ಗೋಡೆಗೆ ಮೊಳೆ ಹೊಡೆದಳು, ಹಿತ್ತಿಲಿನಲ್ಲಿ ಸೇಬಿನ ಸಸಿ ನೆಟ್ಟಳು. "ಅಪ್ಪ, ಈ ಮರದ ಹಣ್ಣು ನಾನೇ ಕೀಳ್ಬೇಕು," ಎಂದಿದ್ದಳು.

ಈಗ ಕಳೆದ ಶನಿವಾರ ವಿಲೋ ಬೆಂಡ್ ತಂಡ ಸ್ವಂತ ಮೈದಾನದಲ್ಲೇ ಮಣ್ಣು ಮುಕ್ಕಿತ್ತು. ಓಡುವುದೇ ತಂಡದ ಹೆಮ್ಮೆ. ಅಂದು ಚೆಂಡು ಹಿಡಿದ ಹುಡುಗ ಹೊರಟಲ್ಲೆಲ್ಲ ನಾಲ್ಕು ಜನ ಮೊದಲೇ ನಿಂತು ಕಾಯುತ್ತಿದ್ದರು, ನೆಂಟರನ್ನು ಕರೆದೊಯ್ಯಲು ಬಂದವರ ಹಾಗೆ. ಯಾಕೆ ಎಂದು ಕ್ರೀಡಾಂಗಣಕ್ಕೆಲ್ಲ ಅರ್ಥವಾಗಲಿಲ್ಲ. ಆರ್ವಲ್‌ಗೆ ಮಧ್ಯಂತರಕ್ಕೆ ಮೊದಲೇ ಅರ್ಥವಾಗಿತ್ತು. ಓಟ ಬಲಕ್ಕಿದ್ದರೆ ಗಾರ್ಡ್ ಹುಡುಗರ ಪಾದ ಬಗ್ಗಿ ನಿಂತಾಗಲೇ ಬಲಕ್ಕೆ ತಿರುಗಿರುತ್ತಿತ್ತು, ಎಡಕ್ಕಿದ್ದರೆ ಎಡಕ್ಕೆ. ಅರ್ಧ ಹೆಜ್ಜೆ ಉಳಿಸಲು ಯಾರೋ ಕಲಿಸಿದ ಉಪಾಯ. ಎದುರಾಳಿಗಳು ಆ ಪಾದ ನೋಡಿ ನಡೆದುಹೋಗಿ ನಿಲ್ಲುತ್ತಿದ್ದರು, ಅಷ್ಟೇ. ಯಾರೋ ಎಂದರೆ ಯಾರು ಎನ್ನುವುದೂ ಆರ್ವಲ್‌ಗೆ ಗೊತ್ತಿತ್ತು. ಕಾರಿನಲ್ಲಿ ಆರ್ಲಿಸ್ ಅಂಕ ಹೇಳಿದಾಗ ಅವನು ಕೇಳಿಸಿಕೊಳ್ಳಲೇ ಇಲ್ಲ.

ಸೋಮವಾರ ಮುಖ್ಯ ಕೋಚಿಗೆ ಹಲ್ಲುನೋವು ಬಂತು. ಡ್ಯಾರಿನ್ ಬಂದ.

ನೆಲಮಾಳಿಗೆಯಲ್ಲಿ ಎಂದಿನಂತೆ ಮಾಂಸ, ರಾಜ್ಮಾ ಕಾಳಿನ ಖಾರದ ಚಿಲಿ ಸಾರು, ಪಕ್ಕದಲ್ಲಿ ದಾಲ್ಚಿನ್ನಿಯ ಸಿಹಿ ಬನ್ನು. ಬಟ್ಟಲು ಹಿಡಿದ ಸಾಲಿನಲ್ಲಿ ಆರ್ವಲ್ ಅಳಿಯನ ಬೆನ್ನ ಹಿಂದೆ ನಿಂತ.

"ಪಾದ," ಎಂದ ಮೆಲ್ಲಗೆ.

ಡ್ಯಾರಿನ್ ತಿರುಗಲಿಲ್ಲ. ಕುತ್ತಿಗೆ ಕೆಂಪಾಯಿತು. "ಗೊತ್ತು ಮಾವ. ನಿನ್ನೆ ವೀಡಿಯೋದಲ್ಲಿ ನೋಡ್ದೆ. ನಾನೇ ಹೇಳ್ಕೊಟ್ಟಿದ್ದು."

"ಸರಿ ಮಾಡ್ತೀಯಾ?"

"ಇವತ್ತು ಸಂಜೆ ಅಭ್ಯಾಸದಲ್ಲೇ ಬಿಡಿಸ್ತೀನಿ. ಆದ್ರೆ ನೀವು ಇವರ ಮುಂದೆ ಸುಳ್ಳು ಹೇಳೋದು ಬೇಡ. ಕೇಳಿದ್ರೆ ನಾನೇ ಒಪ್ಕೋತೀನಿ."

"ಲೆನೋರ್‌ಗೆ ಹೇಳಿದ್ಯಾ?"

ಡ್ಯಾರಿನ್ ಬನ್ನು ಹಾಕಿಸಿಕೊಳ್ಳುವುದನ್ನು ಮರೆತು ಮುಂದೆ ನಡೆದ. ಅದೇ ಉತ್ತರ.

ಗೇಲಾರ್ಡ್ ಗಂಟೆ ಬಾರಿಸಿದ. ಮಹಾಸಮರ ಶುರುವಾಯಿತು. ಹಲ್ಲಿನ ಡಾಕ್ಟರ್ ಮೆರ್ಲ್ ವೋಪಾಟ್ ಚಮಚವನ್ನೇ ಗದೆಯಂತೆ ಎತ್ತಿದ.

"ಓಡೋ ಹುಡುಗನಿಗೆ ಪ್ರೀತಿ ಅಂಟ್ಕೊಂಡಿದೆ. ಪ್ರೀತಿ ಮಾಡೋನು ಪಕ್ಕಕ್ಕೆ ನೋಡ್ತಾನೆ, ಮುಂದಕ್ಕೆ ನೋಡಲ್ಲ."

"ನೀನು ಮದುವೆಯಾದ ವರ್ಷ ಯಾರ್ಯಾರದೋ ಚೆನ್ನಾಗಿದ್ದ ಹಲ್ಲು ಕಿತ್ತಿದ್ದೆ, ನೆನಪಿದೆ," ಎಂದಳು ಬರ್ನಡೀನ್. ಟೈಪಿಂಗ್ ಕಲಿಸಿ ನಿವೃತ್ತಳಾದವಳು, ಚಿಲಿ ಬೇಯಿಸುವವಳೂ ಅವಳೇ. "ಹೊಸ ಪ್ಯಾಂಟಿನದು ತಪ್ಪು. ಬಿಗಿ ಜಾಸ್ತಿ. ಆ ದಪ್ಪ ಮಕ್ಕಳು ಬಗ್ಗಿದ್ರೆ ನನಗೇ ಉಸಿರು ಕಟ್ಟತ್ತೆ."

"ಪ್ಯಾಂಟಲ್ಲ ತಾಯಿ, ಬುದ್ಧಿ," ಎಂದಿತು ಹಿಂದಿನ ಮೇಜಿನಿಂದ ಒಂದು ದನಿ. "ಮೈದಾನದ ಮೇಲಿನ ಗಾಜಿನ ಕೋಣೇಲಿ ಕೂತು ಹುಡುಗರಿಗೆ ಆಟ ಆರಿಸಿ ಹೇಳೋ ಕೋಚಿಗೆ ಮೂರೇ ಆಟ ಬರತ್ತೆ. ನನ್ನ ನಾಯಿಗೆ ನಾಲ್ಕು ಬರತ್ತೆ."

ಜನ ನಕ್ಕರು. ಆರ್ವಲ್ ನಗಲಿಲ್ಲ. ಇನ್ನೂ ಇಂಥವೇ ಮೂರು ಬರಲಿ, ಹೊತ್ತು ಮುಗಿಯಲಿ ಎಂದು ಅವನ ಮನಸ್ಸು ಮೊರೆಯಿಡುತ್ತಿತ್ತು. ಆದರೆ ಮೆರ್ಲ್ ಚಮಚ ಕೆಳಗಿಟ್ಟ. ಅವನು ಚಮಚ ಕೆಳಗಿಟ್ಟರೆ ವಿಚಾರ ಮಾಡುತ್ತಿದ್ದಾನೆ ಎಂದರ್ಥ.

"ತಮಾಷೆ ಬಿಡಿ. ಅವರು ನಮಗಿಂತ ಮುಂಚೆ ಅಲ್ಲಿರ್ತಿದ್ರು. ಗಮನಿಸಿದ್ರಾ? ಓಡಿ ಬಂದು ತಡೀಲಿಲ್ಲ. ನಡ್ಕೊಂಡು ಬಂದು ನಿಂತಿದ್ರು."

ನಗು ಬತ್ತಿತು. ಬರ್ನಡೀನ್ ಸೌಟು ಹಿಡಿದು ಅಲ್ಲೇ ನಿಂತಳು. ಗೇಲಾರ್ಡ್ ಫೋನು ತೆಗೆದು ಬಟ್ಟಲಿನ ಪಕ್ಕ ಇಟ್ಟ. ಅವನು ಫೋನು ಇಟ್ಟದ್ದನ್ನು ಇಡೀ ಕೋಣೆ ನೋಡಿತು.

"ಅಂದ್ರೆ ಯಾರೋ ಹೇಳಿದ್ರು ಅಂತೀಯಾ?"

"ಬಾಯಲ್ಲಿ ಹೇಳ್ಬೇಕಾಗಿಲ್ಲ. ಮೈಯಲ್ಲೇ ಗೊತ್ತಾಗತ್ತೆ. ಕೈ ಊರೋದ್ರಲ್ಲಿ, ತಲೆ ತಿರುಗಿಸೋದ್ರಲ್ಲಿ. ಕಲಿಸಿದವರ ತಪ್ಪು ಅದು."

ಡ್ಯಾರಿನ್ ಕರವಸ್ತ್ರ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆರ್ವಲ್ ಅವನ ಪಾದ ನೋಡಿದ, ಅಭ್ಯಾಸಬಲ. ಮೇಜಿನ ಕೆಳಗೆ ಅಳಿಯನ ಎರಡೂ ಪಾದ ಮಾತಾಡುವವರಿಗೆಂದು ಮುಂದೆ ನಿಲ್ಲಿಸಿದ್ದ ಮೈಕಿನ ಕಡೆಗೆ ತಿರುಗಿದ್ದವು. ಇವನು ಎದ್ದು ಒಪ್ಪಿಕೊಳ್ಳುತ್ತಾನೆ. ಈಗಲೇ. ಪ್ರಾಮಾಣಿಕ ಪ್ರಾಣಿ, ಹೊರಡುವ ಮೊದಲೇ ದಿಕ್ಕು ತೋರಿಸುತ್ತಾನೆ; ಹುಡುಗರಿಗೂ ಅದನ್ನೇ ಕಲಿಸಿದ್ದಾನೆ.

"ಹಾಗಿದ್ರೆ ಅದನ್ನ ನೋಡಿರೋನು ಈ ಊರಲ್ಲಿ ಒಬ್ಬನೇ," ಎಂದ ಗೇಲಾರ್ಡ್. ಎದ್ದು ನಿಂತ. ಕೋಣೆಯಲ್ಲಿದ್ದ ಕುರ್ಚಿಗಳೆಲ್ಲ ಕಿರಕ್ಕೆಂದು ಆರ್ವಲ್‌ನ ಕಡೆ ತಿರುಗಿದವು. ಆರ್ಲಿಸ್ ಗಂಡನ ತೋಳಿನ ಮೇಲೆ ಕೈ ಇಟ್ಟಳು, ಯಾವ ಕಡೆಗೂ ಎಳೆಯಲಿಲ್ಲ, ಸುಮ್ಮನೆ ಇಟ್ಟಳು.

ಆರ್ವಲ್ ಇಡೀ ಜೀವಮಾನದಲ್ಲಿ ಗಳಿಸಿದ್ದು ಒಂದೇ ಆಸ್ತಿ. ಯಂತ್ರಗಳನ್ನು ಅವನಿಗಿಂತ ಚೆನ್ನಾಗಿ ರಿಪೇರಿ ಮಾಡುವವರು ಪಕ್ಕದೂರಿನಲ್ಲಿದ್ದರು. ಹಾಡಲು ಬಾರದು, ಭಾಷಣ ಬಾರದು. ಆದರೆ ಶನಿವಾರ ಅವನು ಹಾದು ಬಂದರೆ ಕ್ರೀಡಾಂಗಣದ ಮೆಟ್ಟಿಲಲ್ಲಿ ಜನ ಮೊಣಕಾಲು ಸರಿಸಿ ದಾರಿ ಬಿಡುತ್ತಿದ್ದರು. ಗುದ್ದದೆಯೇ ದಾರಿ ಸಿಗುವ ಗಾರ್ಡ್ ಎಂದರೆ ಲೋಕದಲ್ಲಿ ಅವನೊಬ್ಬನೇ. ಆ ಹೆಸರು ನಿಂತಿದ್ದು ಅವನು ನೋಡಿದ್ದನ್ನು ನೋಡಿದ ಹಾಗೇ ಹೇಳುತ್ತಾನೆ ಎನ್ನುವುದರ ಮೇಲೆ.

ಪಕ್ಕದಲ್ಲಿ ಡ್ಯಾರಿನ್‌ನ ಕುರ್ಚಿ ಹಿಂದೆ ಸರಿದ ಸದ್ದು. "ಒಂದು ನಿಮಿಷ, ಇದರಲ್ಲಿ ನನ್ನ..." ಎಂದು ಅವನು ಬಾಯಿ ತೆರೆದ. ಆರ್ವಲ್ ಗ್ರೀಸು ಹಿಡಿದ ದಪ್ಪ ಕೈಯನ್ನು ಅವನ ಹೆಗಲ ಮೇಲಿಟ್ಟು ಒತ್ತಿದ. ಹಳೆಯ ಗಾರ್ಡಿನ ಕೈ. ಅಳಿಯ ಕುರ್ಚಿಗೆ ಬಿದ್ದ ಮೂಟೆಯಂತೆ ಕೂತುಬಿಟ್ಟ.

"ಅವನು ಆಮೇಲೆ ಮಾತಾಡ್ತಾನೆ," ಎಂದ ಗೇಲಾರ್ಡ್, ಕಣ್ಣು ಕೀಲಿಸಿ. "ಮೊದಲು ನೀನು. ಆರ್ವಲ್, ನಮ್ಮ ಹುಡುಗರು ಸುಳಿವು ಕೊಟ್ರಾ, ಇಲ್ವಾ? ನೀನೇನು ನೋಡಿದೆ?"

ಅಡುಗೆ ಒಲೆಯ ಮೇಲೆ ಚಿಲಿ ಗುಳುಗುಳು ಎನ್ನುವುದು ಕೇಳಿಸುತ್ತಿತ್ತು. ಆರ್ವಲ್ ನಿಧಾನವಾಗಿ ಎದ್ದ, ಪ್ಯಾಂಟು ಮೇಲೆಳೆದುಕೊಂಡ, ಅಷ್ಟೂ ಮುಖಗಳನ್ನು ಒಂದು ಸುತ್ತು ನೋಡಿದ.

"ಗೊತ್ತಿಲ್ಲಪ್ಪ," ಎಂದ. "ನಾನು ಚೆಂಡು ನೋಡ್ತಾ ಇದ್ದೆ."