ಅವಳು ಕುಡಿದ ನೀರು

ಅವಳಿಗೆ ಜ್ವರ ಬಂದು ಆಸ್ಪತ್ರೆ ಸೇರಿದ್ದಾಳೆಂಬ ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಮರುಕ ಆಮೇಲೆ ಬಂತು, ಅದೂ ಚೂರು ತಡವಾಗಿ. ಜ್ವರದ ಮೇಲೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ, ಇಲ್ಲಿ ಕೂತು ಇದನ್ನು ಬರೆಯುತ್ತಿದ್ದಾರೆ.

ನನ್ನ ಕೆಲಸ ಇಲಿಗಳ ಅಧ್ಯಯನ. ಧಾರವಾಡದಲ್ಲಿ ಒಂದು ಸಂಶೋಧನಾ ಸಂಸ್ಥೆ, ಹುಬ್ಬಳ್ಳಿಯಲ್ಲಿ ಮನೆ, ನಡುವೆ ದಿನಾ ಚಿಗರಿ ಬಸ್ಸು. ನಮ್ಮದು ದುರ್ಗದಬೈಲಿನ ಹತ್ತಿರ ಕಾಳುಕಡಿ ವ್ಯಾಪಾರದ ಮನೆತನ. ಚೀಲ ಕೊರೆಯುವ ಇಲಿಗಳ ನಡುವೆಯೇ ಬೆಳೆದವಳು ನಾನು. ಅಪ್ಪ ಇಲಿ ಕೊಲ್ಲಲು ಔಷಧ ಇಡುತ್ತಿದ್ದರು, ಮಗಳು ಇಲಿ ಹಿಡಿದು ಸಂಬಳ ತರುತ್ತಾಳೆ ಎಂದು ನಮ್ಮ ಕಾಕಾ ಈಗಲೂ ನಗುತ್ತಾರೆ. "ಗುಡ್ಡ ಅಗದು ಇಲಿ ಹಿಡಿಯೋದು ಅಂದ್ರ ಇದ ನೋಡ್ರಿ," ಎಂದು ಮನೆಗೆ ಬಂದ ಬೀಗರಿಗೆಲ್ಲ ನನ್ನನ್ನು ತೋರಿಸುತ್ತಾರೆ.

ನಾನು ಬೆನ್ನು ಹತ್ತಿದ್ದು ಇಲಿ ಜ್ವರವನ್ನು. ಇಲಿಯ ಮೂತ್ರ ನೀರಿಗೋ ಕೆಸರಿಗೋ ಸೇರುತ್ತದೆ, ಅದರಲ್ಲಿರುವ ಸೂಕ್ಷ್ಮಜೀವಿ ಕಾಲಿನ ಗೀರು ಗಾಯಗಳಿಂದ ಮನುಷ್ಯರ ಮೈಗೆ ಇಳಿಯುತ್ತದೆ. ಮುಗದದ ಆಚೆ, ಕೆರೆಯ ಕೆಳಗೆ ಭತ್ತ ಬೆಳೆಯುವ ಒಂದು ಊರಿನಲ್ಲಿ ಹಲವು ಮಳೆಗಾಲ ಬೋನು ಇಟ್ಟೆ. ಇಲಿಗಳಲ್ಲಿ ಸೋಂಕು ಇದ್ದದ್ದು ಗೊತ್ತಾಯಿತು. ಜನರಲ್ಲಿ ಎಷ್ಟಿದೆ ಎಂದು ತಿಳಿಯಲು ಅವರ ರಕ್ತ ಬೇಕಿತ್ತು. ಗೌಡರ ಓಣಿಯವರು ಕೊಟ್ಟರು. ಕೇರಿಯವರು ಕೊಡಲಿಲ್ಲ. ಗದ್ದೆ ಗೌಡರ ಓಣಿಯದು, ಆ ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವವರು ಕೇರಿಯವರು. ಅವರ ರಕ್ತವಿಲ್ಲದೆ ನನ್ನ ಅಷ್ಟು ವರ್ಷದ ಕೆಲಸಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಕೊಡುವುದಿಲ್ಲ ಎಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. "ನಾಳಿ ಬರ್ರಿ ಬಾಯಾರ, ಮಂದಿ ಹೊಲಕ್ಕ ಹೋಗ್ಯಾರ" ಎನ್ನುತ್ತಿದ್ದರು. ನಾಳೆ ಹೋದರೆ ಮತ್ತೊಂದು ನಾಳೆ. ಹೆಂಗಸರ ಸಂಘಕ್ಕೆ ಹಿರಿಯಳಾದ ಒಬ್ಬ ಆಯಿ ಇದ್ದಳು. ಅವಳು ತೋಳು ಚಾಚಿದರೆ ಇಡೀ ಕೇರಿ ಚಾಚುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ನನ್ನನ್ನು ಕಂಡರೆ ನಗುತ್ತಿದ್ದಳು, ಕಟ್ಟೆಯ ಮೇಲೆ ಜಾಗ ಮಾಡಿ ಕೊಡುತ್ತಿದ್ದಳು, ರಕ್ತದ ಮಾತು ಬಂದರೆ ಮಳೆಯ ಮಾತು ತೆಗೆಯುತ್ತಿದ್ದಳು.

ಅಷ್ಟರಲ್ಲಿ ಹೊಸ ಯೋಜನೆ ಬಂತು. ಪರಿಸರದವರು, ರೋಗದವರು, ಸಮಾಜಶಾಸ್ತ್ರದವರು ಒಂದೇ ಊರನ್ನು ಒಟ್ಟಿಗೆ ನೋಡಬೇಕಂತೆ. ಸಮಾಜಶಾಸ್ತ್ರದ ಪಾಲಿಗೆ ಬಂದವಳೇ ಈ ಜ್ವರದ ಹುಡುಗಿ. ನನಗಿಂತ ಬಹಳ ಚಿಕ್ಕವಳು, ಹುಬ್ಬಳ್ಳಿಯ ಒಂದು ಬೌದ್ಧ ಕುಟುಂಬದ ಮಗಳು, ಅಪ್ಪ ಸರ್ಕಾರಿ ನೌಕರರು. ಮೊದಲ ದಿನ ಕೇರಿಗೆ ನಾನೇ ಕರೆದುಕೊಂಡು ಹೋದೆ, ದೊಡ್ಡಸ್ತಿಕೆಯಿಂದ, ಇದು ನನ್ನ ಊರು ಎನ್ನುವ ಹಾಗೆ.

ಆಯಿ ಒಂದು ತಂಬಿಗೆ ನೀರು ತಂದಳು. ನಾನು ಎಂದಿನಂತೆ ನನ್ನ ಚೀಲದಿಂದ ಬಾಟಲಿ ತೆಗೆದೆ. ನನ್ನ ಜೊತೆ ಬಂದವಳು ತಂಬಿಗೆ ಇಸಕೊಂಡು, ಎತ್ತಿ ಅಲ್ಲ, ತುಟಿ ಹಚ್ಚಿ ಗಟಗಟ ಕುಡಿದಳು. "ಇನ್ನೊಂದೀಟು ಕೊಡ್ರಿ ಆಯಿ, ನೀರು ಭಾಳ ಛಲೋ ಅದಾವ," ಅಂದಳು. ಆಯಿ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ "ಯಾರ ಮಗಳವಾ ನೀ?" ಎಂದು ಕೇಳಿ ಒಳಗೆ ಕರೆದುಕೊಂಡು ಹೋದಳು. ನಾನು ಬೋನು ನೋಡುವ ನೆವದಿಂದ ಹೊರಗೇ ಉಳಿದೆ.

ಊರಿನಲ್ಲಿ ಕುದಿಸದ ನೀರು ಕುಡಿಯಬಾರದು ಎಂಬುದು ನಮ್ಮ ತಂಡದ ನಿಯಮ. ಬರೆದವಳು ನಾನೇ. ಇಲಿ ಜ್ವರದ ಬೆನ್ನು ಹತ್ತಿದವರು ಕಂಡಲ್ಲೆಲ್ಲ ನೀರು ಕುಡಿಯುವುದು ಯಾವ ಶಾಣೆತನ? ಗೌಡರ ಓಣಿಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಅಲ್ಲಿ ಚಹಾ ಕೊಡುತ್ತಿದ್ದರು, ಚಹಾ ಕುದ್ದಿರುತ್ತದೆ, ಕುಡಿಯುತ್ತಿದ್ದೆ. ಕೇರಿಯಲ್ಲಿ ಚಹಾ ಯಾರೂ ಕೊಡಲಿಲ್ಲ, ನೀರನ್ನೇ ಒಲ್ಲೆ ಎಂದವಳಿಗೆ ಚಹಾ ಯಾಕೆ ಕೊಟ್ಟಾರು? ಮೇಲಿನ ಗೌಡರ ಓಣಿಯಲ್ಲಿ ಕುಡಿಯುತ್ತಾಳೆ, ನಮ್ಮಲ್ಲಿ ಬಾಟಲಿ ತೆಗೆಯುತ್ತಾಳೆ. ಅವರು ಕಂಡದ್ದು ಇಷ್ಟು. ಅದಕ್ಕೆ ನಮ್ಮ ಕಡೆ ಒಂದೇ ಅರ್ಥ ಇದೆ.

ಇದನ್ನು ನನಗೆ ಹೇಳಿದವಳೂ ಅವಳೇ, ಜೀಪಿನಲ್ಲಿ ವಾಪಸು ಬರುವಾಗ. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಅವರು ನಿಮ್ಮ ಬಾಟ್ಲಿ ನೋಡಿ ಹಿಂದ ಸರದಾರ್ರಿ."

ನನಗೆ ಮೈಯೆಲ್ಲ ಉರಿಯಿತು. ನಾನು ಜಾತಿ ನೋಡುವವಳಲ್ಲ ಎಂದು ಕೂಗಬೇಕೆನಿಸಿತು. ಹಾಗೆ ಕೂಗುವವರನ್ನು ನಾನೇ ನಂಬುವುದಿಲ್ಲ. ಮುಂದಿನ ಸಲ ಹೋದಾಗ ನಿಯಮ ಗಾಳಿಗೆ ತೂರಿ ಆಯಿಯ ಹತ್ತಿರ ನೀರು ಕೇಳಿದೆ. ಅವಳು ನನ್ನ ಮೊಳಕೈ ಮೆಲ್ಲಗೆ ತಟ್ಟಿ, "ಬ್ಯಾಡ್ರಿ ಬಾಯಾರ, ನಿಮಗ ಆಗಿ ಬರಂಗಿಲ್ಲ," ಎಂದಳು. ಸಿಟ್ಟಿನಿಂದ ಅಂದಿದ್ದರೆ ತಡೆಯಬಹುದಿತ್ತು. ಕಕ್ಕುಲಾತಿಯಿಂದ ಅಂದಳು.

ಆ ಮಳೆಗಾಲದಲ್ಲಿ ಕೇರಿ ರಕ್ತ ಕೊಟ್ಟಿತು, ಅವಳಿಗೆ. ನಮ್ಮ ಲ್ಯಾಬಿನ ಟೆಕ್ನಿಶಿಯನ್ ಸೂಜಿ ಹಿಡಿದು ಕೂತರೆ, ಅವಳು ಪಕ್ಕದಲ್ಲಿ ಕೂತು ಒಬ್ಬೊಬ್ಬರ ಕೈ ಹಿಡಿದುಕೊಳ್ಳುತ್ತಿದ್ದಳು. ನಾಟಿ ಶುರುವಾದಾಗ ಸೀರೆ ಕಚ್ಚೆ ಹಾಕಿ ಹೆಂಗಸರ ಸಾಲಿನಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಇಳಿದಳು. ಬೂಟು ಹಾಕಿಕೊ ಎಂದು ಬದುವಿನ ಮೇಲಿಂದ ಹೇಳಿದೆ. "ಇವರ್ಯಾರೂ ಹಾಕ್ಕೊಂಡಿಲ್ಲಲ್ರಿ ಅಕ್ಕಾರ," ಎಂದಳು. ಸಾಲಿಗೆ ಸಾಲೇ ನಕ್ಕಿತು. ಆ ನಗೆ ನನ್ನ ಮೇಲೇನೂ ಇರಲಿಕ್ಕಿಲ್ಲ. ನನಗೆ ಮಾತ್ರ ಹಾಗೇ ಕೇಳಿಸಿತು.

ಅವಳನ್ನು ಕೇರಿಯವರು 'ನಮ್ಮ ಹುಡುಗಿ' ಅನ್ನುತ್ತಿದ್ದರು. ನಾನು ಬಂದರೆ 'ಇಲಿ ಬಾಯಾರು ಬಂದ್ರು' ಎಂದು ಒಬ್ಬರಿಗೊಬ್ಬರು ಹೇಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ಆ ದಾರಿ ಸವೆಸಿದವಳು ನಾನು, ನಿನ್ನೆ ಮೊನ್ನೆ ಬಂದವಳು ಅವಳು. ಅವಳು ಮಾಡಿದ್ದಾದರೂ ಏನು? ಒಂದು ತಂಬಿಗೆ ನೀರು ಕುಡಿದಳು. ಹೊಟ್ಟೆಕಿಚ್ಚಿಗೆ ತಣ್ಣೀರು ಹಾಕಿಕೋ ಎನ್ನುತ್ತಾರೆ. ನನ್ನದು ಹತ್ತಿದ್ದೇ ತಣ್ಣೀರಿನಿಂದ, ಯಾವುದನ್ನು ಹಾಕಿಕೊಳ್ಳಲಿ?

ಆಮೇಲೆ ಈ ಜ್ವರ. ನಾನು ಹಣ್ಣು ಹಿಡಿದು ಧಾರವಾಡದ ಆಸ್ಪತ್ರೆಗೆ ಹೋದಾಗ ಮಂಚದ ಸುತ್ತ ಕೇರಿಯ ಹೆಂಗಸರು. ಒಬ್ಬಳು ಡಬ್ಬಿಯಲ್ಲಿ ಗಂಜಿ ತಂದಿದ್ದಳು, ಒಬ್ಬಳು ಅವಳ ಕಾಲು ಒತ್ತುತ್ತಿದ್ದಳು. ಇಲಿ ಜ್ವರವೇ ಎಂದು ಡಾಕ್ಟರು ಹೇಳಿದ್ದರು, ಔಷಧಕ್ಕೆ ಬಗ್ಗಿತ್ತು, ಜೀವಕ್ಕೆ ಭಯವಿರಲಿಲ್ಲ. ಗೋಡೆಗೆ ಆತು ನಿಂತು ನೋಡಿದೆ. ಇಲಿ ನನ್ನದು, ರೋಗ ನನ್ನದು, ನನ್ನ ವಯಸ್ಸಿನ ಒಳ್ಳೆಯ ವರ್ಷಗಳೆಲ್ಲ ಅದಕ್ಕೇ ಹೋದವು. ಅದೂ ಹೋಗಿ ಅವಳನ್ನೇ ಹಿಡಿಯಿತಲ್ಲ ಎನಿಸಿತು. ನಾನು ಮಲಗಿದ್ದರೆ ನೋಡಲು ಚಿಗರಿ ಹತ್ತಿ ಕಾಕಾ ಒಬ್ಬರೇ ಬರುತ್ತಿದ್ದರು, ನಗಲಿಕ್ಕೆ.

ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುವುದಿಲ್ಲ. ಈ ಪರೀಕ್ಷೆಗೆ ಒಂದು ಸಲದ ರಕ್ತ ಸಾಲದು. ಕೆಲವು ವಾರ ಬಿಟ್ಟು ಅದೇ ಜನರಿಂದ ಮತ್ತೆ ತೆಗೆದು ಎರಡನ್ನೂ ಹೋಲಿಸಿದರಷ್ಟೇ ಸೋಂಕು ಹಳೆಯದೋ ಹೊಸದೋ ತಿಳಿಯುವುದು. ಎರಡನೆಯದು ಸಿಗದಿದ್ದರೆ ಮೊದಲನೆಯದೂ ಚರಂಡಿಗೆ. ಆ ವಾರ ಬಂದಿತ್ತು. "ನಾ ಆಯಿಗೆ ಫೋನ್ ಮಾಡಿ ಹೇಳ್ತೇನ್ರಿ," ಎಂದಳು ಮಂಚದ ಮೇಲಿನಿಂದ. "ಬೇಕಾಗಿಲ್ಲ, ನೀ ಮಲ್ಕೋ," ಎಂದೆ. ಅವಳ ವಶೀಲಿ ನನಗೆ ಬೇಡವಾಗಿತ್ತು. ಈ ಒಂದು ಸಲವಾದರೂ ಆ ಜನ ನನಗೆಂದೇ ತೋಳು ಚಾಚಬೇಕಿತ್ತು.

ಟೆಕ್ನಿಶಿಯನ್ ಜೊತೆ ಕೇರಿಗೆ ಹೋದೆ. ಕಟ್ಟೆಯ ಮೇಲೆ ಆಯಿ ಕೂತಿದ್ದಳು, ಸುತ್ತ ಹೆಂಗಸರು, ಯಾರ ಮುಖದಲ್ಲೂ ನಗೆ ಇರಲಿಲ್ಲ. ಇವತ್ತು ಯಾರೂ ಹೊಲಕ್ಕೆ ಹೋಗಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು. ಆಯಿ ಮಳೆಯ ಮಾತು ತೆಗೆಯಲಿಲ್ಲ.

"ಬಾಯಾರ, ಒಂದ ಮಾತು ಕೇಳತೇನಿ. ನಮ್ಮ ಹುಡುಗಿಗೆ ಜ್ವರ ಬಂದದ್ದು ನಮ್ಮ ಮನಿ ನೀರಿನಿಂದನ ಏನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮತ್ತೊಬ್ಬಳು ಹೇಳಿದಳು, "ಮ್ಯಾಲಿನ ಓಣ್ಯಾಗ ಹಂಗ ಮಾತಾಡಾಕತ್ತಾರ್ರಿ. ಕೇರಿ ನೀರು ಕುಡದ್ರ ಇನ್ನೇನಾದೀತು ಅಂತಾರ."

ಅವರ ಎದೆಯಲ್ಲಿ ಕೂತಿದ್ದ ಭಯ ಆಗ ಅರ್ಥವಾಯಿತು. ಇಲ್ಲ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಗದ್ದೆಯ ಕೆಸರೇ ಕಾರಣ ಎನ್ನಲು ನನ್ನಲ್ಲಿ ಎಷ್ಟೋ ಕಾರಣಗಳಿದ್ದವು. ಬರಿಗಾಲಿನಲ್ಲಿ ಇಳಿದದ್ದನ್ನು ಕಣ್ಣಾರೆ ನೋಡಿದ್ದೆ, ಬದುವಿನ ಇಲಿಗಳಲ್ಲಿ ಸೋಂಕೂ ಸಿಕ್ಕಿತ್ತು. ಆದರೆ ಅವರ ನೀರನ್ನು ನಾನು ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ. 'ಇಲ್ಲ' ಎಂಬ ಆ ಒಂದು ಶಬ್ದ ಅಂದಿದ್ದರೆ ಸಾಕಿತ್ತು, ಆಯಿ ನನ್ನನ್ನೂ ಒಳಗೆ ಕರೆಯುತ್ತಿದ್ದಳು.

"ಇದನ್ನ ನಿಮ್ಮ ಹುಡುಗಿನ್ನ ಕೇಳಲಿಲ್ಲೇನು ಆಯಿ?" ಎಂದೆ. ಆ ಹೊತ್ತಿನಲ್ಲೂ ನನಗೆ ಅದೇ ಚಿಂತೆ.

"ಕೇಳಿದ್ನಿ. ಛೇ ಛೇ ಇಲ್ಲವಾ ಅಂದ್ಲು. ಆಕಿ ನಮ್ಮಾಕಿ, ಇಲ್ಲ ಅಂತನ ಅಂತಾಳ," ಎಂದಳು ಆಯಿ. "ನೀವು ನಮ್ಮಾಕಿ ಅಲ್ಲ. ಅದಕ್ಕ ನಿಮ್ಮನ್ನ ಕೇಳಾಕತ್ತೇನಿ."

ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಗದ್ದಿ ಕೆಸರಿನಿಂದ ಬಂದಿರಬೇಕು ಅಂತ ನನಗನಸ್ತದ," ಎಂದೆ. "ಆದ್ರ ನೀರಿನಿಂದ ಅಲ್ಲ ಅಂತ ಹೇಳಾಕ ನನಗ ಬರಂಗಿಲ್ಲ. ಇರಬಹುದು. ನಿಮ್ಮ ನೀರೂ ನೋಡಬೇಕು, ಮ್ಯಾಲಿನ ಓಣಿ ನೀರೂ ನೋಡಬೇಕು, ನಿಮ್ಮ ರಕ್ತನೂ ನೋಡಬೇಕು. ನೋಡಿದ ಮ್ಯಾಲೆ ಹೆಂಗದನೋ ಹಂಗ ಹೇಳತೇನಿ."

ಒಬ್ಬಳು ಎದ್ದು ಹೋದಳು. ಉಳಿದವರು ಆಯಿಯ ಕಡೆ ತಿರುಗಿದರು. ಆಯಿ ಕುಪ್ಪಸದ ತೋಳು ಮೇಲೆ ಸರಿಸಿ, "ತಗೋರಿ ಹಂಗಾರ," ಎಂದು ಕೈ ಚಾಚಿದಳು. ಹಿಡಿದುಕೊಳ್ಳಲೆಂದು ನಾನು ಅವಳ ಇನ್ನೊಂದು ಕೈ ಮುಟ್ಟಿದೆ. ಅವಳು ಅದನ್ನು ಮೆಲ್ಲಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಸಂಜೆಯೊಳಗೆ ಇಡೀ ಕೇರಿ ಕೊಟ್ಟಿತು, ನನಗೆಂದೇ ಕೊಟ್ಟಿತು, ಯಾರ ವಶೀಲಿಯೂ ಇಲ್ಲದೆ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತಾಗಲೂ ನಾನು ಆ ಹುಡುಗಿಯ ಮೇಲೆಯೇ ಕುದಿಯುತ್ತಿದ್ದೆ. ಏನೂ ಗೊತ್ತಿಲ್ಲದೆ 'ಛೇ ಛೇ ಇಲ್ಲವಾ' ಎಂದುಬಿಡುವ ಸುಖ ಇದೆಯಲ್ಲ, ಅದೂ ಅವಳಿಗೇ.