ಮುಷ್ಟಿ ತೂರಿದ ಸಂದು

ಕಬ್ಬಿಣದ ಕೆಲಸದ ಆ ಷೆಡ್ಡಿನಲ್ಲಿ ಎಲ್ಲರೂ ಅವಳನ್ನು ಮುಷ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಜಗಳಗಂಟಿ ಎಂದಲ್ಲ, ಅವಳು ಯಾರೊಂದಿಗೂ ಗಟ್ಟಿಯಾಗಿ ಮಾತನಾಡಿದವಳೇ ಅಲ್ಲ. ಕಿಟಕಿಯಾಗಲಿ, ಗೇಟಾಗಲಿ, ರೇಲಿಂಗಾಗಲಿ, ಕಂಬಿಗಳ ನಡುವಿನ ಸಂದಿಗೆ ತನ್ನ ಮುಷ್ಟಿ ಒಡ್ಡಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. ಮುಷ್ಟಿ ತಡೆದು ನಿಂತರೆ ಸರಿ, ತೂರಿದರೆ ತಪ್ಪು.

"ಅಕ್ಕ ಮುಷ್ಟಿ ಬಿಗಿದ್ರು, ಎಲ್ರೂ ಪಕ್ಕಕ್ಕೆ ಸರೀರಪ್ಪಾ," ಎಂದು ವೆಲ್ಡರ್ ತಮಾಷೆ ಮಾಡುತ್ತಿದ್ದ. "ನಮ್ಮನೇಲೂ ಹೀಗೇ ಶುರುವಾಗೋದು."

ಆ ಅಭ್ಯಾಸ ಶುರುವಾದಾಗ ಅವಳಿಗೆ ಎಂಟು ವರ್ಷ. ಮೂರು ವರ್ಷದ ತಮ್ಮ ಕಿಟಕಿಯ ಕಂಬಿಗಳ ನಡುವೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದ. ಅಪ್ಪ ಗರಗಸದಿಂದ ಕಂಬಿ ಕೊಯ್ದು ಮುಗಿಸುವವರೆಗೂ ಅವಳು ತಮ್ಮನ ಕಾಲು ಹಿಡಿದುಕೊಂಡು ಕೂತಿದ್ದಳು. ಕೂಗಿ ಕೂಗಿ ಅವನ ದನಿ ನಿಂತೇಹೋಗಿತ್ತು. ಈಗ ತಮ್ಮನ ಮೀಸೆ ಬೆಳ್ಳಗಾಗಿದೆ, ಆ ಕಥೆಯನ್ನು ಹೇಳಿ ಹೇಳಿ ನಗುತ್ತಾನೆ. ಅವಳಿಗೆ ಇವತ್ತಿಗೂ ನಗು ಬರುವುದಿಲ್ಲ.

ನಕ್ಷೆ ಬರೆಯುವುದನ್ನು ಅವಳು ಕಲಿತದ್ದು ಪೆನ್ಸಿಲ್ಲಿನ ಕಾಲದಲ್ಲಿ. ಕಾಗದದ ಮೇಲೆ ಒಂದು ಗೇಟನ್ನು ಹತ್ತು ಸಲ ನಕಲು ಮಾಡಿದರೆ ಹತ್ತೂ ಬೇರೆ ಬೇರೆ. ಒಂದನ್ನು ಅಳಿಸಿದರೆ ಒಂದೇ ಅಳಿಯುತ್ತಿತ್ತು. ಐವತ್ತು ದಾಟಿದ ಮೇಲೆ ಅವಳ ಮೇಜಿಗೆ ಕಂಪ್ಯೂಟರ್ ಬಂತು. ಷೆಡ್ಡಿನ ಯಜಮಾನರ ಸೊಸೆ ಪಕ್ಕದಲ್ಲಿ ಕೂತು ತಾಳ್ಮೆಯಿಂದ ಕಲಿಸಿದಳು. "ಒಂದು ಕಾಂಪೊನೆಂಟನ್ನ, ಅಂದ್ರೆ ನಕ್ಷೆಯ ಒಂದು ಬಿಡಿಭಾಗವನ್ನ, ಕಾಪಿ ಮಾಡಿದ್ರೆ ಎಲ್ಲ ಕಾಪಿಗಳೂ ಒಂದಕ್ಕೊಂದು ಅಂಟಿಕೊಂಡೇ ಇರ್ತವೆ ಅಕ್ಕ. ಒಂದನ್ನ ಬದಲಾಯಿಸಿದ್ರೆ ಎಲ್ಲವೂ ಬದಲಾಗ್ತವೆ. ಒಂದನ್ನೇ ಬದಲಾಯಿಸ್ಬೇಕು ಅಂದ್ರೆ ಮೊದಲು ಅದಕ್ಕೆ ಮೇಕ್ ಯೂನಿಕ್ ಒತ್ತಿ." ಈ ಮಾತನ್ನು ಅವಳು ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು.

ಪುಟ್ಟ ಮಕ್ಕಳ ಶಾಲೆಯೊಂದಕ್ಕೆ ಇಪ್ಪತ್ತೆರಡು ರೇಲಿಂಗ್ ಬೇಕಾಗಿತ್ತು. ಇಪ್ಪತ್ತೊಂದು ಮೇಲಿನ ಎರಡು ಮಹಡಿಗಳ ಕಾರಿಡಾರಿಗೆ, ಒಂದು ಕೆಳಗೆ ನೆಲದ ಮೇಲೆ, ನೀರಿನ ವಾಲ್ವಿನ ಮುಂದೆ. ಅವಳು ಒಂದು ರೇಲಿಂಗ್ ಬರೆದು, ಅದನ್ನೇ ಕಾಪಿ ಮಾಡಿ ಇಪ್ಪತ್ತೆರಡು ಮಾಡಿದಳು. ಸಂದು ಮೂರೂವರೆ ಇಂಚು. ವಾಲ್ವ್ ತಿರುಗಿಸಲು ಕೈ ಹೋಗಬೇಕಲ್ಲ ಎಂದು ಕೆಳಗಿನದಕ್ಕೆ ಮಾತ್ರ, ರಟ್ಟಿನ ಮೇಲಿನ ಮಾತನ್ನು ಓದಿ, ಮೇಕ್ ಯೂನಿಕ್ ಒತ್ತಿ, ಸಂದನ್ನು ಆರು ಇಂಚು ಮಾಡಿದಳು. ನಕ್ಷೆ ಮುದ್ರಿಸಿ ಸಹಿ ಹಾಕಿ ಕೊಟ್ಟಳು. ಆ ಷೆಡ್ಡಿನಲ್ಲಿ ಅವಳ ಸಹಿ ಬಿದ್ದ ಮೇಲೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಕೆಮ್ಮಿನಿಂದ ಮಲಗಿದ್ದ ಆ ವಾರ ಅವಳು ಷೆಡ್ಡಿಗೆ ಹೋಗಲಿಲ್ಲ, ತಯಾರಾದ ರೇಲಿಂಗುಗಳಿಗೆ ಮುಷ್ಟಿ ಒಡ್ಡಲಿಲ್ಲ. ವೆಲ್ಡರ್ ಮಾತ್ರ ಫೋನಿನಲ್ಲಿ ಒಮ್ಮೆ ಕೇಳಿದ್ದ: "ಅಕ್ಕಾ, ಸಂದು ಸ್ವಲ್ಪ ಜಾಸ್ತಿ ಅನ್ಸಲ್ವಾ?"

ಕೆಳಗಿನದರ ಮಾತೆಂದುಕೊಂಡು ಅವಳು, "ಬೇಕಂತಲೇ ಮಾಡಿದ್ದಪ್ಪ," ಎಂದಿದ್ದಳು.

ಕೆಲಸಕ್ಕೆ ಮರಳಿದ ದಿನ ಬೆಳಿಗ್ಗೆ, ಫೈಲಿಗೆ ಸೇರಿಸಲು ಇಡೀ ಶಾಲೆಯ ನಕ್ಷೆಯನ್ನು ತೆರೆದಳು. ಎರಡನೇ ಮಹಡಿಯ ಮೇಲೆ ಕಣ್ಣು ನಿಂತಿತು. ಏನೋ ಬೋಳುಬೋಳಾಗಿ ಕಂಡಿತು. ಒಂದು ರೇಲಿಂಗಿನ ಕಂಬಿಗಳನ್ನು ಬೆರಳಿಟ್ಟು ಎಣಿಸಿದಳು. ಹದಿನಾಲ್ಕು ಇರಬೇಕಾದಲ್ಲಿ ಎಂಟು. ಪಕ್ಕದ್ದೂ ಎಂಟು. ಅದರ ಪಕ್ಕದ್ದೂ.

ಮೇಕ್ ಯೂನಿಕ್ ಒತ್ತಿದ್ದೆನಲ್ಲ? ಒತ್ತಿದ್ದಳು, ನಕ್ಷೆಯಲ್ಲಿ ಕೆಳಗಿನ ರೇಲಿಂಗಿಗೆ ಬೇರೆ ಹೆಸರೂ ಇತ್ತು. ಅದನ್ನು ತೆರೆದು ಒಂದು ಕಂಬಿಯನ್ನು ಸರಿಸಿ ನೋಡಿದಳು. ಮೇಲೆ, ಎರಡು ಮಹಡಿಗಳಲ್ಲೂ, ಇಪ್ಪತ್ತೊಂದು ಕಂಬಿಗಳು ಸದ್ದಿಲ್ಲದೆ ಸರಿದವು. ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಹಿಂದಿರುಗಿಸಿದಳು, ಎಲ್ಲವೂ ಮರಳಿದವು. ಮತ್ತೆ ಸರಿಸಿದಳು, ಎಲ್ಲವೂ ಹಿಂಬಾಲಿಸಿದವು.

ಆಗ ತಿಳಿಯಿತು. ಕಂಬಿಗಳ ಸಾಲನ್ನೇ ಅವಳು ಮೊದಲು ಒಂದು ಕಾಂಪೊನೆಂಟ್ ಮಾಡಿ, ಆಮೇಲೆ ಚೌಕಟ್ಟಿನೊಳಗೆ ಇಟ್ಟಿದ್ದಳು. ಬೇರೆಯಾದದ್ದು ಹೊರಗಿನ ಚೌಕಟ್ಟು ಮಾತ್ರ. ಒಳಗಿನ ಸಾಲು ಇನ್ನೂ ಎಲ್ಲದರೊಂದಿಗೂ ಅಂಟಿಕೊಂಡೇ ಇತ್ತು. ಒಳಹೊಕ್ಕು ಅದಕ್ಕೂ ಒಮ್ಮೆ ಮೇಕ್ ಯೂನಿಕ್ ಒತ್ತಬೇಕಿತ್ತು. ರಟ್ಟಿನ ಮೇಲೆ ಅದಿರಲಿಲ್ಲ.

ಆರು ಇಂಚು. ಮೂರು ವರ್ಷದ ಮಗುವಿನ ತಲೆ. ಗೋಡೆಯ ಮೇಲಿನ ಹಾಳೆಯಲ್ಲಿ ಇವತ್ತಿನ ದಿನಾಂಕದ ಎದುರು ಅವಳದೇ ಅಕ್ಷರ: ಶಾಲೆ, ಜೋಡಣೆ ಮುಕ್ತಾಯ, ಮಧ್ಯಾಹ್ನ ಮಕ್ಕಳು.

ಶಾಲೆಯಲ್ಲಿ ರೇಲಿಂಗ್ ಜೋಡಿಸುತ್ತಿದ್ದ ವೆಲ್ಡರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಡ್ರಿಲ್ಲಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಾದರೂ ಹೇಗೆ? ಶಾಲೆಯ ಫೋನನ್ನೂ ಯಾರೂ ಎತ್ತಲಿಲ್ಲ. ಯಜಮಾನರ ಕೋಣೆಯ ಬಾಗಿಲಿಗೆ ಹನ್ನೆರಡು ಹೆಜ್ಜೆ. ಅರ್ಧದಲ್ಲೇ ನಿಂತಳು. ಪೆನ್ಸಿಲ್ಲಿನವಳನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಜನ ಅವರನ್ನು ಕೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಆದರೆ ತಮ್ಮನ ಕಾಲಿನ ಒದೆತ ಇನ್ನೂ ಅಂಗೈಯಲ್ಲೇ ಇತ್ತು. ಬಾಗಿಲು ತಳ್ಳಿದಳು.

"ಸಾರ್, ಶಾಲೆದು ಇಪ್ಪತ್ತೊಂದೂ ತಪ್ಪಾಗಿದೆ. ಮಕ್ಕಳ ತಲೆ ತೂರುತ್ತೆ. ತಪ್ಪು ನಂದೇ."

ಯಜಮಾನರು ಅವಳ ಮುಖ ನೋಡಿದರು. ಚಹಾದ ಲೋಟ ಕೆಳಗಿಟ್ಟರು. "ಬಯ್ಯೋದು ಆಮೇಲೆ. ನಡಿಯಮ್ಮ, ಗಾಡಿ ಹತ್ತು."

ದಾರಿಯುದ್ದಕ್ಕೂ ಅವಳು ಸ್ಕೂಟರಿನ ಹಿಂದೆ ಕಣ್ಣು ಮುಚ್ಚಿ ಕೂತಿದ್ದಳು. ಮುಚ್ಚಿದ ಕಣ್ಣೊಳಗೂ ಕಂಬಿಗಳು ಸರಿಯುತ್ತಿದ್ದವು.

ಶಾಲೆಯ ಮೆಟ್ಟಿಲ ಮೇಲೆ ವೆಲ್ಡರ್ ಊಟದ ಡಬ್ಬಿ ಬಿಚ್ಚುತ್ತಿದ್ದ. "ಏನಕ್ಕಾ, ಊಟದ ಹೊತ್ತಿಗೇ ಸರಿಯಾಗಿ..."

"ಮಕ್ಕಳು?"

"ಆಗ್ಲೇ ಬಂದವ್ರೆ, ಮೇಲೆ..."

ಉಳಿದದ್ದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಮೊದಲ ಮಹಡಿಯಲ್ಲಿ ಮಕ್ಕಳೆಲ್ಲ ಟೀಚರ ಸುತ್ತ ಕೂತಿದ್ದರು. ಎಣಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಎರಡನೇ ಮಹಡಿಯ ಕಾರಿಡಾರ್ ಖಾಲಿ. ಅಲ್ಲ, ಖಾಲಿಯಲ್ಲ. ತುದಿಯಲ್ಲಿ ಹಳದಿ ಲಂಗದ ಒಂದು ಮಗು ಮಂಡಿಯೂರಿತ್ತು. ತಲೆ ಕಂಬಿಗಳ ಆಚೆಗಿತ್ತು. ಒಂದು ಭುಜವೂ ಆಚೆಗಿತ್ತು. ಕೆಳಗೆ ನಿಲ್ಲಿಸಿದ ಸ್ಕೂಟರನ್ನು ನೋಡುತ್ತಿತ್ತು.

ಕೂಗಬಾರದು. ಬೆಚ್ಚಿದರೆ ಮಗು ಮುಂದಕ್ಕೇ ಜಾರುತ್ತದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಅಷ್ಟುದ್ದದ ಕಾರಿಡಾರಿನಲ್ಲಿ ಅವಳು ಹಿಂದೆಂದೂ ನಡೆದಿರಲಿಲ್ಲ. ಹತ್ತಿರ ಹೋಗಿ ಮೆಲ್ಲನೆ ಕೂತು ಲಂಗದ ಪಟ್ಟಿಯನ್ನು ಹಿಡಿದಳು.

"ಆ ಗಾಡಿ ನಿಮ್ದಾ?" ಮಗು ತಿರುಗದೆಯೇ ಕೇಳಿತು.

"ಹೂಂ ಪುಟ್ಟಾ. ಗಲ್ಲ ಎದೆಗೆ ತಾಗಿಸ್ತೀಯಾ? ಹಾಂ, ಜಾಣೆ. ಈಗ ಹಿಂದೆ ಬಾ. ನಿಧಾನ."

ಭುಜ ಬಂತು. ಕಿವಿ ಕಂಬಿಗೆ ತಗುಲಿತು. ಮಗುವಿನ ತಲೆಯನ್ನು ತುಸು ಓರೆ ಮಾಡಿದಳು. ಬಂತು.

ಯಜಮಾನರು ಏದುಸಿರು ಬಿಡುತ್ತಾ ಬಂದಾಗ ಮಗು, "ಆಂಟಿ ನನ್ನ ಲಂಗ ಬಿಡ್ತಿಲ್ಲ," ಎಂದು ದೂರು ಹೇಳುತ್ತಿತ್ತು. ಬಿಡಬೇಕೆಂದೇ ಅವಳೂ ನೋಡುತ್ತಿದ್ದಳು. ಮುಷ್ಟಿ ಬಿಚ್ಚುತ್ತಿರಲಿಲ್ಲ. ವೆಲ್ಡರ್ ಬಂದು ಒಂದೊಂದೇ ಬೆರಳನ್ನು ಬಿಡಿಸಿದ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಟೀಚರು ಮಕ್ಕಳನ್ನೆಲ್ಲ ಕೆಳಗಿಳಿಸಿ ಮೇಲಿನ ಬಾಗಿಲುಗಳಿಗೆ ಬೀಗ ಹಾಕಿದರು. ಮುಂದಿನ ವಾರ ಇಪ್ಪತ್ತೊಂದು ರೇಲಿಂಗುಗಳ ಒಂದೊಂದು ಸಂದಿನಲ್ಲೂ ನಡುವೆ ಒಂದು ಹೊಸ ಕಂಬಿ ಬಂತು. ಯಜಮಾನರು ಬಯ್ಯುವುದನ್ನು ಮರೆಯಲಿಲ್ಲ, ಚೆನ್ನಾಗಿಯೇ ಬಯ್ದರು. ಕೊನೆಗೆ, "ಇನ್ಮೇಲೆ ನೀನು ಮುಷ್ಟಿ ಇಡ್ದೆ ಒಂದು ಗೇಟೂ ಷೆಡ್ಡಿಂದ ಹೊರಗೆ ಹೋಗಲ್ಲ," ಎಂದರು.

ಎಲ್ಲ ಮುಗಿದ ದಿನ ಅವಳು ಒಂದೊಂದೇ ಸಂದಿಗೆ ಮುಷ್ಟಿ ಒಡ್ಡುತ್ತಾ ಮಹಡಿ ಇಳಿದಳು. ಎಲ್ಲ ಕಡೆಯೂ ತಡೆಯಿತು. ಕೊನೆಗೆ ವಾಲ್ವಿನ ಮುಂದೆ ಬಂದಳು. ಅಲ್ಲಿ ಮಾತ್ರ ಮುಷ್ಟಿ ಸಲೀಸಾಗಿ ತೂರಿತು. ತೂರಬೇಕಾದದ್ದೇ, ನೆಲದ ಮೇಲಿನ ರೇಲಿಂಗು, ಯಾರೂ ಬೀಳುವಂತಿಲ್ಲ. ಆದರೂ ಕೈ ಹೊರಗೆಳೆದುಕೊಂಡು, ಮೇಲಿನ ಮಹಡಿಗಳತ್ತ ನೋಡಿ, ಕಂಬಿಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದಳು.