ಸ್ಟೀಮರ್ ನಿಲ್ಲಿಸುವ ಗೋಲೆನೂರ್

ಪುಷ್ಯಮಾಸದ ನಸುಕು. ಬರಿಶಾಲ್ ಕಡೆಯ ಕಾಠಾಲ್‌ತಲಿ ಘಾಟಿನಲ್ಲಿ, ಅಂದರೆ ದೋಣಿಕಟ್ಟೆಯಲ್ಲಿ, ನದಿಯೇ ಕಾಣದಷ್ಟು ಮಂಜು. ತೇಲುಕಟ್ಟೆಯ ಅಂಚಿನಲ್ಲಿ ಗೋಲೆನೂರ್ ಬೇಗಂ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಗಂಟೆಯ ಹಗ್ಗ ಹಿಡಿದು ನಿಂತಿದ್ದಾರೆ.

"ಖಾಲಾ, ಚಾ ಕುಡೀತೀರಾ?" ದೋಣಿಯ ಮೊಕ್ಸೇದ್ ಕೇಳುತ್ತಾನೆ.

"ಬಾಯಿ ಮುಚ್ಕೊಂಡಿರೋ! ಮೋಟಾರ್ ಲಾಂಚಾದ್ರೆ ಗುರ್ ಅನ್ನುತ್ತೆ. ಇದು ಛಪ್ ಛಪ್ ಅಂತಿದೆ. ಚಕ್ರದ ಸ್ಟೀಮರೇ ಇದು. ನಿನ್ನ ದೋಣಿ ಬಿಚ್ಚಬೇಡ."

ಮೊಕ್ಸೇದ್ ಹಗ್ಗ ಬಿಗಿದು ಕಟ್ಟುತ್ತಾನೆ. ಖಾಲಾ, ಎಂದರೆ ಇಡೀ ಘಾಟಿಗೇ ಚಿಕ್ಕಮ್ಮ, ನಿಧಾನವಾಗಿ ಮೂರು ಸಲ ಗಂಟೆ ಬಾರಿಸುತ್ತಾರೆ. ದಾರಿ ತೆರವಾಗಿದೆ ಎಂದರ್ಥ. ಸ್ವಲ್ಪ ಹೊತ್ತಿಗೆ ಮಂಜು ಸೀಳಿಕೊಂಡು, ನೂರು ವರ್ಷ ತುಂಬಲು ಬಂದ 'ಬಲಾಕಾ' ಸ್ಟೀಮರ್ ಎರಡೂ ಪಕ್ಕದ ಚಕ್ರಗಳಲ್ಲಿ ನೀರು ಬಡಿಯುತ್ತ ಬರುತ್ತದೆ.

ಸ್ಟೀಮರ್ ವಾರಕ್ಕೊಂದೇ ಸಲ. ಆದರೆ ದಿನಕ್ಕೆ ನಾಲ್ಕು ಲಾಂಚು, ಹದಿನಾಲ್ಕು ದೋಣಿಗಳ ನೂರಾರು ದಾಟು. ಎಲ್ಲವುಗಳ ಮೇಲೂ ಐವತ್ತೆಂಟರ ಈ ಹೆಂಗಸಿನ ಕಣ್ಣಿದೆ, ಮಂಜಿದ್ದರೆ ಕಿವಿ. ಊಟ ಅಲ್ಲೇ, ತಂಗಳನ್ನ, ಈರುಳ್ಳಿ, ಸುಟ್ಟ ಮೆಣಸಿನಕಾಯಿ.

ಮೊದಲು ಈ ಗಂಟೆ ಗಂಡ ಹಾತೆಮ್ ಅಲಿಯದಾಗಿತ್ತು. ಹನ್ನೊಂದು ವರ್ಷದ ಹಿಂದೆ ಅವನು ತೀರಿಕೊಂಡಾಗ ಆ ಕೆಲಸ ಕೇಳಿಕೊಂಡು ಹೋದ ಗೋಲೆನೂರ್ ಅವರನ್ನು ನೋಡಿ ಘಾಟಿನ ಗುತ್ತಿಗೆದಾರ ನಕ್ಕುಬಿಟ್ಟಿದ್ದ. "ನೀನು ಹೊಡೆದ್ರೆ ಹಡಗು ನಿಲ್ಲುತ್ತೇನಮ್ಮಾ? ಹೋಗು, ಮನೇಲಿ ಸೌಟು ಬಡಿ."

"ಒಂದು ಚಳಿಗಾಲ ನೋಡಿ ಸಾಹೇಬ್ರೇ. ಆಮೇಲೆ ಬೇಕಾದ್ರೆ ಕಳಿಸಿ."

ಆ ಚಳಿಗಾಲವೇ ಪರೀಕ್ಷೆ ಬಂತು. ಮಂಜಿನಲ್ಲಿ ಸ್ಟೀಮರ್ ಸಮೀಪಿಸುತ್ತಿತ್ತು. ಅಷ್ಟರಲ್ಲಿ ನಡುನೀರಿನಿಂದ ಮಗುವೊಂದು ಕೆಮ್ಮಿದ್ದು ಗೋಲೆನೂರ್ ಕಿವಿಗೆ ಬಿತ್ತು. ಆಚೆ ದಡದಿಂದ ಯಾರೋ ದೋಣಿ ಬಿಟ್ಟಿದ್ದರು! ಹಡಗು ನಿಲ್ಲಿಸಲೆಂದು ಗೋಲೆನೂರ್ ಗಂಟೆಯನ್ನು ಎಡೆಬಿಡದೆ ಬಾರಿಸಿದರು. ಅಂಗೈ ಸುಲಿಯಿತು, ಬಿಡಲಿಲ್ಲ. ಸ್ಟೀಮರಿನ ಚಕ್ರಗಳು ನಿಂತು, ಹಿಂದಕ್ಕೆ ತಿರುಗಿದವು. ಇಪ್ಪತ್ತಾರು ಜನರ ದೋಣಿ ಅದರ ಮೂತಿಯಿಂದ ನಾಲ್ಕು ಮಾರು ದೂರದಲ್ಲಿ ದಾಟಿ ಹೋಯಿತು. ಅದರಲ್ಲಿ ಗುತ್ತಿಗೆದಾರನ ಅಕ್ಕನೂ ಇದ್ದಳು. ಅಂದಿನಿಂದ ಸೌಟಿನ ಮಾತು ಯಾರೂ ಎತ್ತಿಲ್ಲ.

ಇದಾವುದೂ ಪತ್ರಿಕೆಯಲ್ಲಿ ಬರಲಿಲ್ಲ, ಶಾಲು ಹಾರಗಳೂ ಬರಲಿಲ್ಲ. ಸ್ಟೀಮರಿನ ಮುದಿ ಚುಕ್ಕಾಣಿಗಾರ ಮಾತ್ರ ಮರುವಾರ ಇಳಿದುಬಂದು, "ಹತ್ತಮ್ಮಾ ತಂಗಿ, ಮುಂದಿನ ಘಾಟಿನವರೆಗೆ" ಎಂದು ಮೇಲಟ್ಟದಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಅವರು ಹಡಗು ಹತ್ತಿದ್ದು ಅದೊಂದೇ ಸಲ.

"ಹೇಗಿತ್ತು ಖಾಲಾ?" ಎಂದರೆ ಎಲೆಯಡಿಕೆಯ ಕೆಂಪು ಬಾಯಿ ತುಂಬ ನಗುತ್ತಾರೆ.

"ಮೇಲಿಂದ ನೋಡ್ದೆ ಮಗಾ. ನನ್ನ ಘಾಟು ಬೆಂಕಿಪೊಟ್ಟಣದಷ್ಟು ಕಾಣ್ತಿತ್ತು. ಅಷ್ಟು ದೊಡ್ಡ ಹಡಗು, ಇಷ್ಟು ಚಿಕ್ಕ ಬೆಂಕಿಪೊಟ್ಟಣದ ಮಾತು ಕೇಳುತ್ತಲ್ಲಾ!"